ಎಂಬತ್ತೆಂಟನೇ ಕೀರ್ತನೆಗೆ ನಾನು ಸೇರಿಸಿದ ಸಾಲು

ನಮ್ಮವ್ವನಿಗೆ ಓದು ಬರಹ ಬರುವುದಿಲ್ಲ. ಆದರೂ ನಾನು ಬೈಬಲ್ಲಿನ ಕೀರ್ತನೆ ಓದುವಾಗ ಒಂದು ಸಾಲು ಹಾರಿಸಿದರೆ ಸಾಕು, ಅಲ್ಲೇ ಹಿಡಿಯುತ್ತಾಳೆ. "ಏನೋ ಬಿಟ್ಟೆಲ್ಲಪ್ಪ" ಅನ್ನುತ್ತಾಳೆ. ಚಿಕ್ಕಂದಿನಿಂದ ಕೇಳಿ ಕೇಳಿ ಎಲ್ಲ ಬಾಯಿಪಾಠ. 2013ರ ಬೇಸಿಗೆಯಲ್ಲಿ ಒಂದು ರಾತ್ರಿ ನಾನು ಸಾಲು ಬಿಡಲಿಲ್ಲ, ಇಲ್ಲದ ಸಾಲೊಂದನ್ನು ಸೇರಿಸಿದೆ. ಅದನ್ನೂ ಹಿಡಿದಳು.

ಮೊನ್ನೆ ನಮ್ಮ ಸಭೆಯ ಹುಡುಗನೊಬ್ಬ ಬಂದಿದ್ದ. "ಅಣ್ಣಾ, ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ. ಯಾರೂ ಕೇಳಿಸ್ಕೊಳ್ತಿಲ್ಲ ಅನಿಸ್ತದೆ" ಅಂದ. ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ಒಗ್ಗರಣೆ ಮಿರ್ಚಿ ಕೊಡಿಸಿ ಕಳಿಸಿದೆ. ಹೇಳಬೇಕಾಗಿದ್ದು ಆ ರಾತ್ರಿಯ ಮಾತು. ಆದರೆ ಅದನ್ನು ಹೇಳಬೇಕಾದರೆ ಲಾರಿಯಿಂದ ಶುರು ಮಾಡಬೇಕು.

ನಮ್ಮ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನಿಂದಲೇ ಚೀನಾಕ್ಕೆ ಎಷ್ಟು ಕಬ್ಬಿಣದ ಅದಿರು ಕೊಟ್ಟರೂ ಸಾಲುತ್ತಿರಲಿಲ್ಲ. ಸಂಡೂರು, ಹೊಸಪೇಟೆ ಕಡೆಯ ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಹೋಗುತ್ತಿದ್ದವು. ನಮ್ಮ ಕಡೆ ಹೊಲ ಮಾರಿ ಲಾರಿ ತಗೊಂಡವರಿದ್ದರು, ಹೆಂಡತಿ ಬಂಗಾರ ಮಾರಿ ತಗೊಂಡವರಿದ್ದರು. ನಾನು ಎರಡನೇ ಗುಂಪು. 2009ರಲ್ಲಿ ಹತ್ತು ಚಕ್ರದ ಟಿಪ್ಪರ್ ಬಂತು. ತಿಂಗಳಿಗೆ 52 ಸಾವಿರ ಕಂತು. ಒಂದು ಪಾಳಿ ನಾನು ಓಡಿಸುತ್ತಿದ್ದೆ, ಇನ್ನೊಂದು ಪಾಳಿ ನನ್ನ ತಮ್ಮ.

ಗಾಡಿ ಬಂದ ದಿನ ಚರ್ಚಿನ ಅಯ್ಯನವರನ್ನು ಕರೆಸಿ ಪ್ರಾರ್ಥನೆ ಮಾಡಿಸಿದೆವು. ಮುಂದಿನ ಗಾಜಿನ ಮೇಲೆ ತಮ್ಮ ದೊಡ್ಡ ಸ್ಟಿಕ್ಕರ್ ಅಂಟಿಸಿದ, 'ಯೆಹೋವ ಯೀರೆ' ಅಂತ. ಯೆಹೋವನು ಒದಗಿಸುವನು ಅಂತ ಅದರ ಅರ್ಥ. ಆದಿಕಾಂಡದ 22ನೇ ಅಧ್ಯಾಯದಲ್ಲಿ ಅಬ್ರಹಾಮ ಒಂದು ಬೆಟ್ಟಕ್ಕೆ ಇಟ್ಟ ಹೆಸರು ಅದು. ಮಗನನ್ನೇ ಬಲಿ ಕೊಡಲು ಹೊರಟವನಿಗೆ ಆ ಬೆಟ್ಟದ ಮೇಲೆ ಪೊದೆಯಲ್ಲಿ ಸಿಕ್ಕಿಕೊಂಡ ಟಗರು ಕಾಣಿಸಿತಲ್ಲ, ಆಮೇಲೆ. ಬೆಟ್ಟದಲ್ಲಿ ದೇವರು ಒದಗಿಸುತ್ತಾನೆ ಅನ್ನುವ ಮಾತನ್ನು ನಾವು ಬಳ್ಳಾರಿಯವರು ಅಕ್ಷರಶಃ ತಗೊಂಡೆವು. ಬೆಟ್ಟ ಅಂದರೆ ಸಂಡೂರು ಬೆಟ್ಟ! ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ಮಾಡಿದ್ದನ್ನು ಎಲ್ಲರ ಮುಂದೆ ಹೇಳಿಕೊಳ್ಳುವ ಹೊತ್ತಿನಲ್ಲಿ ನಾನೂ ಎದ್ದು ನಿಂತು, ಕರ್ತನು ನಮಗೆ ಲಾರಿ ಕೊಟ್ಟ ಅಂತ ಹೇಳಿದ್ದೇನೆ. ಜನ ಸ್ತೋತ್ರ ಅಂದಿದ್ದಾರೆ. ಈಗ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ.

ಆಮೇಲಿನದು ನಿಮಗೆ ಗೊತ್ತು. 2010ರ ಜುಲೈನಲ್ಲಿ ಬಂದರುಗಳಿಂದ ಅದಿರು ಹೊರದೇಶಕ್ಕೆ ಹೋಗುವುದನ್ನು ಸರ್ಕಾರ ನಿಲ್ಲಿಸಿತು. ಬಾಡಿಗೆ ಅರ್ಧಕ್ಕೆ ಬಂತು. 2011ರ ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ. ಎರಡೇ ದಿನಕ್ಕೆ, 29ರ ಶುಕ್ರವಾರ, ಬಳ್ಳಾರಿಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿತು. ರಸ್ತೆ ಬದಿ ಸಾಲಾಗಿ ನಿಂತ ಟಿಪ್ಪರ್‌ಗಳ ಕೆಳಗೆ ನಾಯಿಗಳು ಮಲಗತೊಡಗಿದವು. ಐದು ಕಂತು ಬಾಕಿ ಬಿದ್ದ ಮೇಲೆ, ಜನವರಿಯಲ್ಲಿ, ಫೈನಾನ್ಸ್‌ನವರು ಬಂದು ಗಾಡಿ ಸೀಜ್ ಮಾಡಿಕೊಂಡು ಹೋದರು. ಸ್ಟಿಕ್ಕರ್ ಕಿತ್ತುಕೊಳ್ಳಲಾ ಅಂತ ತಮ್ಮ ಕೇಳಿದ. ಬೇಡ ಅಂದೆ.

ಮನೆ ನಡೆದದ್ದು ಜೀನ್ಸ್‌ನಿಂದ. ನನ್ನ ಹೆಂಡತಿ ಒಂದು ಯೂನಿಟ್‌ನಿಂದ ಪೀಸ್ ಲೆಕ್ಕದಲ್ಲಿ ಪ್ಯಾಂಟು ತಂದು ಮನೆಯಲ್ಲೇ ಹೊಲಿಯುತ್ತಿದ್ದಳು. ದಾರ ಕತ್ತರಿಸುವುದು ನಾನು, ಮಗಳು. ನೀಲಿ ಬಣ್ಣ ಉಗುರಿನೊಳಗೆ ಕೂತು ಊಟದ ಹೊತ್ತಿಗೂ ಹೋಗುತ್ತಿರಲಿಲ್ಲ.

ಆಗ ನಾವು ಲಾರಿಯವರು ಒಂದಷ್ಟು ಜನ ಶುಕ್ರವಾರ ರಾತ್ರಿ ಸೇರಿ ಪ್ರಾರ್ಥನೆ ಮಾಡುತ್ತಿದ್ದೆವು. ಕರ್ತನೇ, ಗಣಿ ತೆರೆಯಲಿ. ಬೆಳಗಿನ ತನಕ ಮೊಣಕಾಲಲ್ಲಿ ಕೂತವರಿದ್ದರು. ಏನನ್ನು ಬೇಡುತ್ತಿದ್ದೇವೆ ಅಂತ ನಾನು ಒಂದು ದಿನವೂ ಯೋಚಿಸಲಿಲ್ಲ ನೋಡಿ. 16 ಟನ್ ಪಾಸಿಂಗ್ ಇದ್ದ ಗಾಡಿಗೆ ನಾವು 25 ಟನ್ ತುಂಬುತ್ತಿದ್ದೆವು. ಸಂಡೂರು ರಸ್ತೆ ಪಕ್ಕದ ಹೊಲಗಳಲ್ಲಿ ಜೋಳದ ಗರಿ ಹಸಿರಾಗಿ ಕಾಣುತ್ತಿರಲಿಲ್ಲ, ಇಟ್ಟಿಗೆ ಪುಡಿ ಎರಚಿದ ಹಾಗಿರುತ್ತಿತ್ತು. ಒಬ್ಬ ಮುದುಕ ರೈತ ಒಮ್ಮೆ ನನ್ನ ಗಾಡಿಗೆ ಅಡ್ಡ ನಿಂತು, "ನಿಮಗೂ ಮಕ್ಕಳಿಲ್ಲೇನ್ರೋ?" ಅಂತ ಬೈದಿದ್ದ. ನಾನು ಹಾರನ್ ಹೊಡೆದು ಮುಂದೆ ಹೋಗಿದ್ದೆ. ಗಣಿ ನಿಂತ ಮಾರನೆಯ ವರ್ಷ ಅವನ ಬೆಳೆ ಹಸಿರಾಗಿ ಬಂದಿರಬಹುದು. ಅವನೂ ಯಾವುದೋ ದೇವರಿಗೆ ಕೈ ಮುಗಿದಿರುತ್ತಾನೆ, ಅಲ್ವಾ? ಇಬ್ಬರಲ್ಲಿ ಯಾರ ಮಾತು ಕೇಳಬೇಕಿತ್ತು? ಈ ಪ್ರಶ್ನೆ ನನಗೆ ಹೊಳೆದದ್ದು ವರ್ಷಗಳಾದ ಮೇಲೆ. ಆಗ ಹೊಳೆದಿದ್ದರೆ ದೇವರ ಮೇಲಿನ ಅರ್ಧ ಸಿಟ್ಟು ಆಗಲೇ ಇಳಿಯುತ್ತಿತ್ತು. ಅರ್ಧ ಮಾತ್ರ. ಉಳಿದರ್ಧಕ್ಕೆ ಲಾರಿ ಕಾರಣ ಅಲ್ಲ.

ತಮ್ಮ ಬೇರೆಯವರ ಗಾಡಿಗೆ ಡ್ರೈವರ್ ಆಗಿ ಸೇರಿದ. ದೂರದ ರೂಟು. ಹೊರಡುವಾಗಲೆಲ್ಲ ಅವ್ವ ಅವನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿಯೇ ಕಳಿಸುತ್ತಿದ್ದಳು. 2013ರ ಮಾರ್ಚ್‌ನಲ್ಲಿ ಒಂದು ರಾತ್ರಿ, ಹೈವೇಯಲ್ಲಿ ಲೈಟ್ ಇಲ್ಲದೆ ನಿಂತಿದ್ದ ಲಾರಿಗೆ ಅವನ ಗಾಡಿ ಹಿಂದಿನಿಂದ ಹೊಡೆಯಿತು. ಅವನಿಗೆ 31. ಅವನ ಬ್ಯಾಗ್ ತಂದು ಕೊಟ್ಟರು. ಅದರಲ್ಲಿ ಒಂದು ಲುಂಗಿ, ಚಾರ್ಜರ್, ಮಗಳಿಗೆ ಅಂತ ತಗೊಂಡಿದ್ದ ಹೇರ್ ಕ್ಲಿಪ್ಪು.

ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಬಂದವರು ಏನೇನೋ ಹೇಳಿದರು. ದೇವರ ಚಿತ್ತ ಅಂದರು. ದೇವರ ತೋಟಕ್ಕೆ ಒಳ್ಳೆ ಹೂವೇ ಬೇಕಂತೆ ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದದ್ದು, ಗೊತ್ತು. ಆದರೆ ಹೂ ಕೀಳುವ ದೇವರ ಹತ್ತಿರ ನನಗೇನು ಕೆಲಸ ಅನಿಸಿತು. ಹೊರಗಿನಿಂದ ಬಂದ ಬೋಧಕರೊಬ್ಬರು ಉಪವಾಸ ಪ್ರಾರ್ಥನೆಯಲ್ಲಿ, ಈ ಮನೆಯಲ್ಲಿ ಯಾವುದೋ ಗುಟ್ಟಿನ ಪಾಪ ಇದೆ, ಅರಿಕೆ ಮಾಡಿ ಅಂದರು. ಅವ್ವ ಎದ್ದು ಒಳಗೆ ಹೋದಳು. ನಾನು ಅವರನ್ನು ಗೇಟಿನ ತನಕ ಬಿಟ್ಟು ಬಂದೆ. ಮತ್ತೆ ಕರೆಯಲಿಲ್ಲ.

ಸಂಶಯ ಅಂದರೆ ಜೋರು ಚರ್ಚೆ ಅಂದುಕೊಂಡಿದ್ದೆ. ಹಾಗೇನಿರಲಿಲ್ಲ. ಊಟಕ್ಕೆ ಮುಂಚೆ ಕಣ್ಣು ಮುಚ್ಚುತ್ತಿದ್ದೆ, ಬಾಯಿ ತಾನಾಗಿ ಮಾತಾಡುತ್ತಿತ್ತು, ಒಳಗೆ ಏನೂ ಇರುತ್ತಿರಲಿಲ್ಲ. ಕರೆಂಟ್ ಹೋದ ಮನೆಯಲ್ಲಿ ಅಭ್ಯಾಸಬಲದಿಂದ ಸ್ವಿಚ್ ಒತ್ತುತ್ತೇವಲ್ಲ, ಹಾಗೆ. ಭಾನುವಾರ ಆರಾಧನೆಗೆ ಹೋಗುತ್ತಿದ್ದೆ. ಅವ್ವನನ್ನು ಕೈ ಹಿಡಿದು ಕರೆದುಕೊಂಡು ಹೋಗಬೇಕಿತ್ತಲ್ಲ. ಕಣ್ಣಿನ ಒತ್ತಡದ ಕಾಯಿಲೆಯಿಂದ ಅವಳ ನೋಟ ಆಗಲೇ ಬಹುಪಾಲು ಹೋಗಿತ್ತು. ಕೂತು ಫ್ಯಾನ್ ಎಣಿಸುತ್ತಿದ್ದೆ. ಹದಿನಾಲ್ಕು.

ಮನೆಯಲ್ಲಿ ಪ್ರತಿ ರಾತ್ರಿ ಅವ್ವನಿಗೆ ಒಂದು ಕೀರ್ತನೆ ಓದಿ ಹೇಳುವುದು ತಮ್ಮನ ಕೆಲಸವಾಗಿತ್ತು. ಊರಲ್ಲಿಲ್ಲದ ದಿನ ಫೋನಿನಲ್ಲೇ ಓದುತ್ತಿದ್ದ. ಅವನು ಹೋಗಿ ಎರಡು ವಾರ ಆದ ಮೇಲೆ ಅವ್ವ ನನ್ನನ್ನು ಕರೆದಳು. "ಎಲ್ಲಿ ನಿಂತೈತೋ ಅಲ್ಲಿಂದ ಓದಪ್ಪ." ದೊಡ್ಡಕ್ಷರದ ಸತ್ಯವೇದ ತೆಗೆದೆ. ತಮ್ಮ ಗುರುತಿಗೆ ಇಟ್ಟಿದ್ದು ನಮ್ಮ ಹಳೇ ಗಾಡಿಯ ವೇ ಬ್ರಿಡ್ಜ್ ಚೀಟಿ, ಲೋಡ್ ತೂಗಿದಾಗ ಕೊಡುವುದು. 71ರ ಹತ್ತಿರ ಇತ್ತು. ನನಗೆ ಓದಲು ಒಂದಿಷ್ಟೂ ಮನಸ್ಸಿರಲಿಲ್ಲ. ಆದರೆ ಕಣ್ಣು ಕಾಣದ ತಾಯಿಗೆ, ನನಗೆ ನಂಬಿಕೆ ಇಲ್ಲ, ಓದಲ್ಲ ಅಂತ ಹೇಳುವುದು ಹೇಗೆ? 72 ಓದಿದೆ.

ಮಾರನೆಯ ದಿನ 73. ಅದನ್ನು ಬರೆದ ಆಸಾಫ ಅನ್ನುವವನು, ಕೆಟ್ಟವರು ಚೆನ್ನಾಗಿ ಬದುಕುವುದನ್ನು ನೋಡಿ ಹೊಟ್ಟೆ ಉರಿದು ನನ್ನ ಕಾಲು ಜಾರುವುದರಲ್ಲಿತ್ತು ಅನ್ನುತ್ತಾನೆ. ಅವರ ಮೈ ಕೊಬ್ಬಿದೆ, ಕಷ್ಟ ಅನ್ನುವುದೇ ಅವರಿಗಿಲ್ಲ ಅಂತ ಪಟ್ಟಿ ಕೊಡುತ್ತಾನೆ. ತಲೆ ಮೇಲೆ ಗಣಿ ಧಣಿಗಳ ಹೆಲಿಕಾಪ್ಟರ್ ಹಾರಾಡುವುದನ್ನು ನೋಡಿದ ಊರಿನವನು ನಾನು. ಈ ಮನುಷ್ಯ ಬಳ್ಳಾರಿಗೆ ಬಂದಿದ್ದನಾ ಅನಿಸಿತು. ಆದರೂ ಅದು ತಲೆಯಲ್ಲಿ ಒಂದು ಕ್ಷಣ ಆಡಿ ಹೋಯಿತು, ಅಷ್ಟೇ. 77ರಲ್ಲಿ, ದೇವರು ಕನಿಕರಿಸುವುದನ್ನೇ ಮರೆತುಬಿಟ್ಟನೋ ಅನ್ನುವ ಪ್ರಶ್ನೆ ಬಂತು. 78 ಉದ್ದ, 72 ವಚನ. ಎರಡು ರಾತ್ರಿ ತಗೊಂಡಿತು. ಹೀಗೆ ಹದಿನೆಂಟನೇ ರಾತ್ರಿ 88ಕ್ಕೆ ಬಂದೆ.

ಅದೇ ವಾರ, ಏಪ್ರಿಲ್ 18ಕ್ಕೆ, ಎ ಮತ್ತು ಬಿ ಗುಂಪಿನ, ಅಂದರೆ ಅಕ್ರಮ ಇಲ್ಲದ ಅಥವಾ ಕಡಿಮೆ ಇದ್ದ ಗಣಿಗಳು ಮತ್ತೆ ಕೆಲಸ ಶುರು ಮಾಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಲಾರಿ ಗೆಳೆಯರ ಫೋನ್ ಮೇಲೆ ಫೋನ್. ಪ್ರಾರ್ಥನೆಗೆ ಉತ್ತರ ಸಿಕ್ಕಿತು ಅಂತ ಒಬ್ಬ ಅಂದ. ನಾನು ಫೋನ್ ಕಟ್ ಮಾಡಿದೆ. ಒಂದು ತಿಂಗಳು ಮುಂಚೆ ಸಿಗಬಾರದಿತ್ತಾ ಆ ಉತ್ತರ?

ರಾತ್ರಿ ಕರೆಂಟ್ ಇರಲಿಲ್ಲ. ಸೆಕೆಗೆ ಮಾಳಿಗೆ ಮೇಲೆ ಚಾಪೆ ಹಾಸಿದ್ದೆವು. ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಓದತೊಡಗಿದೆ.

88 ನೀವು ಓದಿದ್ದೀರೋ ಇಲ್ಲವೋ. ಚರ್ಚಿನಲ್ಲಿ ಅದರ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ಎಜ್ರಾಹ ಕುಲದ ಹೇಮಾನ ಬರೆದದ್ದು ಅಂತ ಮೇಲೆ ಇದೆ. ದೇವರನ್ನು ನನ್ನ ರಕ್ಷಕ ಅಂತ ಕರೆದು ಶುರು ಮಾಡುತ್ತಾನೆ. ಅದೊಂದೇ ಒಳ್ಳೆ ಮಾತು. ಆಮೇಲೆ ಬರೀ ಗೋಳು. ಹಗಲೂ ರಾತ್ರಿ ಕೂಗಿದೆ ಅನ್ನುತ್ತಾನೆ. ನನ್ನನ್ನು ಗುಂಡಿಗಿಳಿದವರ ಲೆಕ್ಕಕ್ಕೆ ಸೇರಿಸಿದ್ದಾರೆ ಅನ್ನುತ್ತಾನೆ. ದುಃಖದಿಂದ ಕಣ್ಣೇ ಮಂಜಾಯಿತು ಅನ್ನುತ್ತಾನೆ. ಆ ಮಾತು ಬಂದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸತ್ತವರಿಗೆ ನೀನು ಅದ್ಭುತ ತೋರಿಸುತ್ತೀಯಾ, ಸತ್ತವರು ಎದ್ದು ನಿನ್ನನ್ನು ಹೊಗಳುತ್ತಾರಾ ಅಂತ ಕೇಳುತ್ತಾನೆ. ಉತ್ತರ ಇಲ್ಲ. ಬೇರೆ ಗೋಳಿನ ಕೀರ್ತನೆಗಳೆಲ್ಲ ಸಾಮಾನ್ಯವಾಗಿ ಕೊನೆಯಲ್ಲಿ, ಆದರೂ ನಿನ್ನನ್ನು ಕೊಂಡಾಡುವೆನು ಅಂತ ಒಂದು ತಿರುವು ತಗೊಳ್ಳುತ್ತವೆ. ಇದರಲ್ಲಿ ಅದೂ ಇಲ್ಲ. ಬೇಕಾದವರನ್ನೆಲ್ಲ ನನ್ನಿಂದ ದೂರ ಮಾಡಿದೆ, ಉಳಿದದ್ದು ಕತ್ತಲೆ. ಮುಗೀತು.

ಕೊನೆ ಸಾಲು ಮೊದಲೇ ನನ್ನ ಕಣ್ಣಿಗೆ ಬಿದ್ದಿತ್ತು. ಮಗನನ್ನು ಮಣ್ಣಿಗಿಟ್ಟು ಒಂದು ತಿಂಗಳಾಗಿರುವ ತಾಯಿಗೆ ಇದನ್ನು ಹೇಗೆ ಓದಿ ಮಲಗಿಸುವುದು? ಅದಕ್ಕೇ ಕೊನೆ ಸಾಲು ಓದಿ, ದನಿ ಬದಲಿಸದೆ, "ಯೆಹೋವನು ನನಗೆ ಬೆಳಕು" ಅಂತ ಒಂದು ಮಾತು ಸೇರಿಸಿ ಪುಸ್ತಕ ಮುಚ್ಚಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅದು ಇಪ್ಪತ್ತೇಳರಾಗಿನ ಮಾತು. ಇಲ್ಲಿಗ್ಯಾಕೆ ತಂದು ಹಚ್ಚಿದಿ?"

ನನಗೆ ನಾಚಿಕೆ ಆಯಿತು. "ಕತ್ತಲಾಗೇ ಹೆಂಗ್ ಮುಗಿಸ್ಲಿ ಅವ್ವ?"

"ಅದು ಹಂಗೇ ಮುಗೀತೈತೆ. ಮುಗೀಲಿ ಬಿಡು. ಅವನಿಗೆ ಬೆಳಕು ಕಂಡಿದ್ರೆ ಅವನೇ ಬರೀತಿದ್ದ. ನೀ ಯಾಕೆ ದೇವರ ಮುಂದೆ ಸುಳ್ಳು ಹೇಳ್ತಿ?"

ನಾನು ಮಾತಾಡಲಿಲ್ಲ. ಅವಳು ಮಗ್ಗುಲಾದಳು. ಆಮೇಲೆ ಆ ಕಡೆ ಮುಖ ಮಾಡಿಕೊಂಡೇ ಅಂದಳು. "ನಾಳಿಗೆ 89. ಉದ್ದ ಐತೆ ಅದು. ಲಗೂನ ಉಂಡು ಬಾ."

ಆ ರಾತ್ರಿ ನಿದ್ದೆ ಬರಲಿಲ್ಲ. ಕೋಟೆ ಗುಡ್ಡ ಕತ್ತಲಲ್ಲಿ ಆನೆಯ ಹಾಗೆ ಕೂತಿತ್ತು. ನಮ್ಮವ್ವನಿಗೆ ನನ್ನ ಸ್ಥಿತಿ ಗೊತ್ತಿತ್ತಾ? ಇವತ್ತಿಗೂ ಕೇಳಿಲ್ಲ. ಆದರೆ ಅವಳ ದೇವರು ಆ ಕೀರ್ತನೆ ಕೇಳಿಯೂ ಸಿಟ್ಟಾಗದ ದೇವರು ಅನ್ನುವುದು ತಿಳಿಯಿತು. ಹೇಮಾನನ ಗೋಳನ್ನು ಯಾರೂ ಕತ್ತರಿಸಿ ಎಸೆದಿಲ್ಲ. ನಮ್ಮ ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತು ಯಾರಾದರೂ ಹಾಗೆ ಮಾತಾಡಿದ್ದರೆ ಅರ್ಧಕ್ಕೇ ಕೂರಿಸುತ್ತಿದ್ದೆವು. ಅವನ ಮಾತನ್ನು ಮಾತ್ರ 150 ಕೀರ್ತನೆಗಳ ನಡುವೆ ಹಾಗೇ ಇಟ್ಟಿದ್ದಾರೆ.

ನಮ್ಮೂರಿಗೂ ಈ ಸಾಲಿಗೂ ಒಂದು ನಂಟಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಲ್ಲೇ ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಆಮೇಲೆ ವಿಲಿಯಂ ರೀವ್ ಕೈ ಜೋಡಿಸಿದರು. ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರ ಹೊತ್ತಿಗೆ. ಇಪ್ಪತ್ತು ವರ್ಷ! ನಾವು ಇವತ್ತು ಓದುವುದು ಆಮೇಲೆ ತಿದ್ದಿದ ಅನುವಾದ, ಅದು ಬೇರೆ ಮಾತು. ಆದರೆ ಈ ಬಳ್ಳಾರಿ ಬಿಸಿಲಲ್ಲಿ, ಫ್ಯಾನ್ ಇಲ್ಲದ ಕಾಲದಲ್ಲಿ ಕೂತು, ಪಕ್ಕದಲ್ಲಿ ಕನ್ನಡ ಬಲ್ಲ ಇಲ್ಲಿಯವರನ್ನು ಕೂರಿಸಿಕೊಂಡು, ಹೇಮಾನನ ಕತ್ತಲೆಗೆ ಯಾವ ಮಾತು ಹಾಕೋಣ ಅಂತ ಅವರು ಕೇಳಿರಲೇಬೇಕು. ನನ್ನ ಹಾಗೆ ಒಂದು ಸಾಲು ಸೇರಿಸುವ ಆಸೆ ಅವರಿಗೂ ಆಗಿರಬಹುದು. ಸೇರಿಸಲಿಲ್ಲ.

ಮಾರನೆಯ ದಿನ ನಂಬಿಕೆ ವಾಪಸ್ ಬಂತು ಅಂತ ಹೇಳಿದರೆ ಅದೂ 27ನೇ ಕೀರ್ತನೆಯ ಸಾಲು ಅಂಟಿಸಿದ ಹಾಗೆಯೇ. ಬರಲಿಲ್ಲ. ಬದಲಾದದ್ದು ಒಂದೇ. ಪ್ರಾರ್ಥನೆಯಲ್ಲಿ ಸುಳ್ಳು ಹೇಳುವುದು ಬಿಟ್ಟೆ. ಸ್ತೋತ್ರ ಅನ್ನಲು ಮನಸ್ಸಿಲ್ಲದಿದ್ದರೆ ಅನ್ನುತ್ತಿರಲಿಲ್ಲ. ಒಂದು ದಿನ ಮಾಳಿಗೆ ಮೇಲೆ ಒಬ್ಬನೇ ಕೂತು ದೇವರನ್ನು ಬೈದೆ. ಲಾರಿ ಡ್ರೈವರ್ ಬೈಗುಳ, ಇಲ್ಲಿ ಬರೆಯುವಂಥದ್ದಲ್ಲ. ಬೈದು ಮುಗಿದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಇಲ್ಲದವನನ್ನು ಯಾರಾದರೂ ಇಷ್ಟು ಹೊತ್ತು ಬೈಯುತ್ತಾರಾ? ಮಾರ್ಚ್‌ನಿಂದ ಮೊದಲ ಸಲ ನಾನು ಯಾರ ಜೊತೆಗೋ ಮಾತಾಡಿದ್ದೆ.

ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಹೋದೆ. ಎರಡು ವರ್ಷ ಅಲ್ಲೇ. ನಮ್ಮ ಸಭೆಯಲ್ಲಿ ಒಬ್ಬ ಹಿರಿಯರಿದ್ದರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅವರೂ ಬಂದು ನನ್ನ ಪಕ್ಕ ಕೂರತೊಡಗಿದರು. ಉಪದೇಶ ಇಲ್ಲ, ಪ್ರಶ್ನೆ ಇಲ್ಲ. ಒಂದು ಭಾನುವಾರ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಅಂದರು. "ತೋಮ ನಂಬಲ್ಲ ಅಂದ ಮೇಲೆ ಯೇಸು ಅವನಿಗೆ ಕಾಣಿಸಿದ್ದು ಎಂಟು ದಿನ ಆದ ಮೇಲೆ. ಆ ಎಂಟು ದಿನ ಅವನು ಎಲ್ಲಿದ್ದ ಹೇಳು?" ನನಗೆ ಗೊತ್ತಿರಲಿಲ್ಲ. ತೋಮ ಅಂದರೆ, ಯೇಸು ಸತ್ತು ಎದ್ದು ಬಂದ ಅನ್ನುವುದನ್ನು ಕಣ್ಣಾರೆ ನೋಡದೆ ನಂಬಲ್ಲ ಅಂದ ಶಿಷ್ಯ. ಮನೆಗೆ ಬಂದು ಯೋಹಾನನ ಸುವಾರ್ತೆಯ 20ನೇ ಅಧ್ಯಾಯ ತೆಗೆದು ನೋಡಿದೆ. ದಿನ ದಿನದ ಲೆಕ್ಕ ಬರೆದಿಲ್ಲ. ಎಂಟು ದಿನದ ಮೇಲೆ ಶಿಷ್ಯರು ಮತ್ತೆ ಮನೆಯೊಳಗೆ ಸೇರಿದ್ದಾಗ ತೋಮನೂ ಅವರ ಜೊತೆ ಇದ್ದ ಅಂತಿದೆ. ನಂಬದವನನ್ನು ಉಳಿದವರು ಹೊರಗೆ ಹಾಕಿರಲಿಲ್ಲ, ಅವನೂ ಎದ್ದು ಹೋಗಿರಲಿಲ್ಲ. ನನ್ನ ಎಂಟು ದಿನ ಸ್ವಲ್ಪ ಜಾಸ್ತಿ ಆಯಿತು, ಅಷ್ಟೇ.

ತಮ್ಮ ಯಾಕೆ ಹೋದ ಅನ್ನುವುದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ದೇವರ ಚಿತ್ತ ಅಂತ ನಾನು ಹೇಳುವುದಿಲ್ಲ. ಯಾರೋ ಒಬ್ಬ ಇಂಡಿಕೇಟರ್ ಹಾಕದೆ ಗಾಡಿ ನಿಲ್ಲಿಸಿದ್ದ, ಅದು ಅವನ ತಪ್ಪು. ಅದನ್ನು ದೇವರ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ತಡೆಯಬಹುದಿತ್ತಲ್ಲ ಅಂತ ಕೇಳಿದರೆ, ಹೌದು, ಅದನ್ನೇ ನಾನೂ ಕೇಳುತ್ತಿರುತ್ತೇನೆ.

ನಾಲ್ಕೈದು ವರ್ಷದ ಹಿಂದೆ ತೋರಣಗಲ್ಲಿನ ಹತ್ತಿರ ಒಂದು ಡಾಬಾ ಮುಂದೆ ನಮ್ಮ ಹಳೇ ಟಿಪ್ಪರ್ ಕಂಡಿತು. ನಂಬರ್ ನೋಡಿ ಎದೆ ಧಸಕ್ ಅಂತು. ಬಣ್ಣ ಬೇರೆ, ಬಾಡಿ ಬೇರೆ. ಗಾಜಿನ ಮೇಲೆ 'ಯೀರೆ' ಮಾತ್ರ ಉಳಿದಿತ್ತು, 'ಯೆಹೋವ' ಕಿತ್ತು ಹೋಗಿತ್ತು. ಡ್ರೈವರ್ ಸಂಡೂರು ಕಡೆಯ ಹುಡುಗ. ಇದೇನಿದು ಅಂತ ಕೇಳಿದೆ. "ಗೊತ್ತಿಲ್ರಿ, ಹಳೇ ಓನರ್ ಹೆಸರಿರ್ಬೇಕು" ಅಂದ. ಇದರಲ್ಲಿ ಏನೋ ಅರ್ಥ ಇದೆ ಅಂತ ಮನೆಗೆ ಬಂದು ಹೇಳಿದೆ. ಹೆಂಡತಿ ಮಷೀನ್ ನಿಲ್ಲಿಸದೇ, "ಒಳ್ಳೆ ಗಮ್ ಹಾಕಿಲ್ಲ ಅಂತ ಅರ್ಥ" ಅಂದಳು.

ಅವ್ವನಿಗೆ ಈಗ 79. ಕಣ್ಣು ಪೂರ್ತಿ ಹೋಗಿದೆ. ಎರಡು ವರ್ಷದಿಂದ ಕಿವಿಯೂ ಮಂದ. 150 ಮುಗಿದರೆ ಮತ್ತೆ 1ರಿಂದ. ಎಷ್ಟನೇ ಸುತ್ತೋ ಲೆಕ್ಕ ಬಿಟ್ಟಿದ್ದೇನೆ. 119 ಬಂದಾಗ ಮಾತ್ರ ಕಷ್ಟ. 176 ವಚನ, ಒಂದು ವಾರ ಬೇಕು. ಆ ವೇ ಬ್ರಿಡ್ಜ್ ಚೀಟಿಯ ಅಕ್ಷರ ಎಲ್ಲ ಮಾಸಿ ಹೋಗಿದೆ, ಗುರುತಿಗೆ ಈಗಲೂ ಅದೇ. ಜೋರಾಗಿ ಓದಬೇಕಾಗುವುದರಿಂದ ಓಣಿಗೆಲ್ಲ ಕೇಳಿಸುತ್ತದೆ. ಹೋದ ವಾರ ನನಗೆ ಜ್ವರ ಬಂದು ಒಂದು ರಾತ್ರಿ ಓದಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯ ಖಾಲಾ ಗೋಡೆಯ ಮೇಲಿಂದ ಇಣುಕಿ, "ಯಾಕಪ್ಪಾ, ನಿನ್ನೆ ಆವಾಜ್ ಬರಲಿಲ್ಲ? ಅಮ್ಮ ಆರಾಮಿದಾಳಲ್ಲ?" ಅಂತ ಕೇಳಿದರು.

ಇವತ್ತು 44. ದೇವರೇ, ಏಳು, ಯಾಕೆ ಮಲಗಿದ್ದೀಯ ಅಂತ ಕೂಗುವ ಮಾತು ಅದರ ಕೊನೆಯಲ್ಲಿ ಬರುತ್ತದೆ. ಕೂಗಿಯೇ ಓದಬೇಕು. ಅವ್ವನಿಗೆ ಕೇಳಿಸಬೇಕಲ್ಲ.